ನನ್ನ ಮಗಳಿಗೆ ಸೋದರತ್ತೆಯಾದ ರೋಜಿ ಟೀಚರ್

ಹೋದ ವರ್ಷ ಶ್ರಾವಣದಲ್ಲಿ ರಬಕವಿಯ ನಮ್ಮ ಮನೆಯಲ್ಲಿ ನನ್ನ ಮಗಳ ತೊಟ್ಟಿಲ ಕಾರ್ಯ ಇತ್ತು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅವಳು ಬಗ್ಗಿ 'ಕುರ್‌ರ್' ಎಂದು ಹೆಸರು ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ತಿನ್ನದವಳು ಸೋದರತ್ತೆಯೇ ಅಲ್ಲ ಎನ್ನುತ್ತಾರೆ ಹಿರಿಯರು. ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ಆ ಜಾಗಕ್ಕೆ ನಾನು ಹಟ ಹಿಡಿದು ರೋಜಿ ಟೀಚರನ್ನು ಕರೆದಿದ್ದೆ.

ರೋಜಿ ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದವರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ಬಂದವರ ಸಂತತಿ. ಕಪ್ಪು ಮೈ, ಗುಂಗುರು ಕೂದಲು ನೋಡಿ ಸಂತೆಯಲ್ಲಿ ಹರುಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿಸಲು ಹೋದವರಿಗೆ, ಅವರು ಅಚ್ಚ ಕನ್ನಡದಲ್ಲಿ ಬದನೆಕಾಯಿ ಚೌಕಾಸಿ ಮಾಡಿ ಬೆವರಿಳಿಸುತ್ತಿದ್ದರು.

ನನಗೆ ಹೆರಿಗೆ ನೋವು ಶುರುವಾದಾಗ ಗಂಡ ಸೀರೆ ವ್ಯಾಪಾರಕ್ಕೆಂದು ಊರು ಬಿಟ್ಟಿದ್ದರು. ಆಟೋ ತರಿಸಿ ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ದವರು ರೋಜಿ. ನನ್ನ ಉಗುರು ಅವರ ಅಂಗೈಯಲ್ಲಿ ಇಳಿದರೂ ಕೈ ಬಿಡಲಿಲ್ಲ. ಒಡಹುಟ್ಟಿದವರು ಇದಕ್ಕಿಂತ ಹೆಚ್ಚೇನು ಮಾಡುತ್ತಾರೆ?

ಬೆಳಿಗ್ಗೆ ಮಠದ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟಿ ಹೋದರು. ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಸೇರಿದರು. ರೋಜಿ ನಮ್ಮ ಮಗ್ಗದ ಹಸಿರು ಸೀರೆ ಉಟ್ಟು ಇಳಿದು ಬಂದರು. ಮುಧೋಳದಿಂದ ಬಂದಿದ್ದ ಗೌರವ್ವ, ನನ್ನ ಮಾವನವರ ಅಕ್ಕ, ಅವರನ್ನು ಮೇಲಿಂದ ಕೆಳಗೆ ನೋಡಿ ಕೊರಳ ಹತ್ತಿರ ಕಣ್ಣು ನಿಲ್ಲಿಸಿದರು.

"ಕೊರಳಾಗ ಏನೂ ಕಾಣವಲ್ದಲ್ಲ. ಲಿಂಗಿಲ್ಲ, ಶಿಲುಬಿ ಇಲ್ಲ, ತಾಯತಾನೂ ಇಲ್ಲ. ಯಾವ ದೇವರಿಗೆ ನಡ್ಕೋತಿ ತಂಗಿ?"

ಉತ್ತರ ನನಗೆ ಗೊತ್ತಿತ್ತು. ಏಸು ಎಂದಿದ್ದರೂ ಸಾಕಿತ್ತು, ಗೌರವ್ವ ಮೂಗು ಮುರಿದು ಸುಮ್ಮನಾಗುತ್ತಿದ್ದರು. ಒಂದು ಸುಳ್ಳು ಹೇಳಿಬಿಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ನಾನು ಯಾವ ದೇವರನ್ನೂ ನಂಬೋದಿಲ್ಲ ಅಮ್ಮಾ" ಎಂದರು ರೋಜಿ, ತೀರಾ ಮೆಲ್ಲಗೆ.

ಗೌರವ್ವ ತೊಟ್ಟಿಲನ್ನು ತಮ್ಮ ಕಡೆ ಎಳೆದುಕೊಂಡರು. "ದೇವರಿಲ್ಲಂದ ಮ್ಯಾಲ ಹಿಂದಿಲ್ಲ, ಮುಂದಿಲ್ಲ. ಇಂಥಾಕಿ ನಮ್ಮ ಕೂಸಿಗೆ ಸ್ವಾದರತ್ತಿ ಹ್ಯಾಂಗ ಆಕ್ಕಾಳ?"

ರೋಜಿ ಎದ್ದು ಹೋಗುತ್ತಾರೆ ಅಂದುಕೊಂಡೆ. ಅವರು ಗೌರವ್ವನ ಎದುರಿಗೇ ಕುಳಿತರು.

"ನನಗೂ ಹಿಂದಿನವರು ಇದ್ದಾರೆ ಅಮ್ಮಾ. ಅವರನ್ನ ಹಡಗಿನಿಂದ ಇಳಿಸಿದ ಮೇಲೆ ಹೆಸರು, ಮಾತು, ದೇವರು ಎಲ್ಲ ಹೋಯ್ತು. ಯಾರ ಮನೆಯಲ್ಲಿ ದುಡಿದರೋ ಅವರ ದೇವರೇ ಇವರ ದೇವರಾದ. ನಮ್ಮವ್ವ ಚರ್ಚಿಗೆ ಹೋಗ್ತಾಳೆ. ಎಡಗಡೆ ಮನೆಯವರು ಹಿಂದೂ, ಬಲಗಡೆಯವರು ಮುಸಲ್ಮಾನರು. ಎಲ್ಲರೂ ಸಿದ್ದಿಗಳೇ. ನಮ್ಮ ಡಮಾಮಿ ಡೋಲು ಬಡಿದರೆ ಮೂರೂ ಮನೆಯವರು ಒಂದೇ ಅಂಗಳದಲ್ಲಿ ಕುಣೀತಾರೆ. ನಾನು ಪ್ರಾರ್ಥನೆ ಬಿಟ್ಟಾಗ ಅವ್ವ ಅತ್ತಳು. ಇವಳು ಇನ್ನು ನಮ್ಮವಳಲ್ಲ ಅಂತ ನಮ್ಮ ಜನರೇ ಅಂದರು. ಆದರೂ ಡೋಲು ಬಡಿದ ದಿನ ನಾನೂ ಹೋಗಿ ಕುಣಿದೆ. ದೇವರನ್ನ ಬಿಟ್ಟೆ, ನಮ್ಮವರನ್ನ ಬಿಟ್ಟಿಲ್ಲ."

ಮಾತು ಮುಗಿಯುವವರೆಗೂ ಅವರ ತಲೆ ತಗ್ಗಲಿಲ್ಲ. ಇಂಥ ಹೆಣ್ಣನ್ನು ನಾನು ಆರಿಸಿದ್ದೆನಲ್ಲ ಎಂದು ಆ ಕ್ಷಣದಲ್ಲೂ ಹೆಮ್ಮೆಯಾಯಿತು.

ಆಗ ಬಾಯಿ ಬಿಟ್ಟವರು ನಮ್ಮ ಅತ್ತೆ. ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯದವರು. ಎಲ್ಲಿ ಗಂಡನ ಅಕ್ಕನ ಪಕ್ಷ ವಹಿಸುತ್ತಾರೋ ಎಂದು ನಾನು ಹೆದರಿದೆ.

"ಇಕಿ ಪಾಲಿನ ದೇವರ್ನೂ ನಾನ ನಂಬತೀನಿ ಬಿಡ್ರಿ ಗೌರಕ್ಕಾ" ಎಂದರು. "ಆವತ್ತ ದವಾಖಾನ್ಯಾಗ ನನ್ನ ಸೊಸಿ ಕೈ ಹಿಡದಾಕಿ ಇಕಿ. ಬಾರವಾ ರೋಜಿ, ಹೆಸರ ಇಡು."

ರೋಜಿ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿ ತಂದು, "ಕುರ್‌ರ್, ಭೂಮಿಕಾ" ಎಂದರು.

ಯಾರೂ ಗುದ್ದಲಿಲ್ಲ.

ಮೊದಲ ಗುದ್ದು ಹಾಕಬೇಕಾದವಳು ಮನೆಯ ಹಿರಿಯಳು. ಎಲ್ಲರೂ ಗೌರವ್ವನ ಮುಖವನ್ನೇ ನೋಡುತ್ತಿದ್ದರು. ರೋಜಿಗೂ ರೂಢಿ ಗೊತ್ತಿತ್ತು. ನಾನೇ ಎಲ್ಲ ಹೇಳಿ ಕೊಟ್ಟಿದ್ದೆ. ಅವರು ಬಗ್ಗಿದವರು ಬಗ್ಗಿಯೇ ಇದ್ದರು. ಆ ಖಾಲಿ ಬೆನ್ನನ್ನು ನೋಡಲಾಗದೆ ನಾನೇ ಏಳಹೊರಟೆ.

ಅಷ್ಟರಲ್ಲಿ ಗೌರವ್ವ ಮೊಣಕಾಲಿಗೆ ಕೈಯೂರಿ ಎದ್ದರು. ಸೆರಗು ಸಿಕ್ಕಿಸಿದರು. "ಇನ್ನೊಂಚೂರು ಬಗ್ಗವಾ ಸ್ವಾದರತ್ತಿ, ನನಗ ಕೈ ಎಟಕವಲ್ದು" ಎಂದವರೇ ರೋಜಿಯ ಬೆನ್ನಿಗೆ ಒಂದು ಗುದ್ದು ಹಾಕಿದರು. ಸಣ್ಣ ಗುದ್ದಲ್ಲ, ಪಡಸಾಲೆಗೆಲ್ಲ ಕೇಳಿಸಿತು. ಅದನ್ನೇ ಕಾಯುತ್ತಿದ್ದಂತೆ ಓಣಿಯ ಹೆಂಗಸರೆಲ್ಲ ಮುಗಿಬಿದ್ದರು. ಗುದ್ದುಗಳ ನಡುವೆ ರೋಜಿ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಇವತ್ತಿಗೂ ನಿಮ್ಮ ಮಗಳ ಸೋದರತ್ತೆ ಯಾರು ಎಂದು ಯಾರಾದರೂ ಕೇಳಿದರೆ ಎದೆಯುಬ್ಬಿಸಿ ರೋಜಿಯ ಹೆಸರು ಹೇಳುತ್ತೇನೆ. ಸುಳ್ಳು ಹೇಳಿ ಎಂದು ಬೇಡಿಕೊಂಡವಳು ನಾನು. ನನ್ನ ಮಗಳ ಕಿವಿಗೆ ಮೊದಲು ಹೆಸರು ಹೇಳಿದ್ದು ಮಾತ್ರ, ಆ ಜಾಗ ಕೈತಪ್ಪಿದರೂ ಸರಿ, ಸುಳ್ಳು ಹೇಳಲಾರೆ ಎಂದ ಬಾಯಿ.