ತಪ್ಪು ಲೆಕ್ಕ ಕೂಡಿಡಿಸುತ್ತಿದ್ದ ಮಾಸ್ತರರು

ಸುರಪುರದ ಬಜಾರಿನಲ್ಲಿ ನನ್ನದು ಬಳೆ ಅಂಗಡಿ. ಅಲ್ಲಿ ಚೌಕಾಸಿ ಮಾಡದೆ ಬಳೆ ಕೊಂಡವರು ಒಬ್ಬರೇ, ನನ್ನ ಮಗಳ ಗಣಿತ ಮಾಸ್ತರರು. ಯಾವ ಕಾಗದ ಕೈಗೆ ಬಂದರೂ ಇಸ್ತ್ರಿ ಹೊಡೆದಂತೆ ಅಂಗೈಯಿಂದ ತೀಡುತ್ತಿದ್ದರು. ಮಕ್ಕಳು ಮಾಡಿದ ಲೆಕ್ಕಗಳನ್ನೆಲ್ಲ ಕೃತಿಸಂಪುಟವೆಂಬ ಫೈಲಿನಲ್ಲಿ ಕೂಡಿಡಿಸಿ, ಅದನ್ನು ನೋಡಿಯೇ ಶ್ರೇಣಿ ಕೊಡುತ್ತಿದ್ದರು. "ತಪ್ಪೂ ಇರ್ಲಿ, ಒಗೀಬ್ಯಾಡ್ರಿ" ಎಂಬುದು ಅವರು ಸದಾ ಹೇಳುವ ಮಾತು.

ಯಾವ ವ್ಯಾಪಾರಿಗಾದರೂ ಹೇಳುತ್ತೇನೆ, ಒಡಕು ಬಳೆಯನ್ನು ಗಾಜಿನ ಕಪಾಟಿನಲ್ಲಿ ಇಡಬಾರದು. ಹಾಗೆಂದೇ ಮಗಳ ಫೈಲಿನಿಂದ ತಪ್ಪು ಲೆಕ್ಕದ ಹಾಳೆಗಳನ್ನು ತೆಗೆದು ಅಂಗಡಿಯಲ್ಲಿ ಬಳೆಯ ಪೊಟ್ಟಣ ಕಟ್ಟಲು ಇಟ್ಟುಕೊಂಡೆ. ಅವಳು ಶಾಲೆಯಿಂದ ಅಳುತ್ತ ಬಂದಳು. "ಯಪ್ಪಾ, ತಪ್ಪಿನ ಹಾಳಿ ಇಲ್ಲಂದ್ರ ಶ್ರೇಣಿ ಕೊಡಂಗಿಲ್ಲಂತ!"

ಸಂಜೆ ಮಾಸ್ತರರೇ ಹೆಂಡತಿಗೆ ಬಳೆ ಒಯ್ಯಲು ಬಂದರು. "ಸ್ವಲ್ಪ ನೋಡಿ ಹಾಕ್ರಿ ಸರ, ಹುಡುಗಿ ಶಾಣ್ಯಾಕಿ ಅದಾಳ" ಎಂದು ಶ್ರೇಣಿಗೂ ಚೌಕಾಸಿ ಮಾಡುತ್ತ ಪೊಟ್ಟಣ ಕಟ್ಟಿಕೊಟ್ಟೆ. ಅವರು ಅಲ್ಲೇ ಬಿಚ್ಚಿ ಹಾಳೆಯನ್ನು ತೀಡಿದರು. ಅದು ಮಗಳದೇ. ಅರ್ಧಕ್ಕೆ ಮೂರರಲ್ಲೊಂದು ಪಾಲು ಕೂಡಿಸಿ ಐದರಲ್ಲೆರಡು ಎಂದು ಬರೆದು, ಕೆಳಗೆ ಕೇಳಿದ್ದಳು: "ಕೂಡಿಸಿದರೂ ಕಡಿಮೆ ಯಾಕಾಯಿತು?"

"ಸಿಕ್ಕಳ ನೋಡ್ರಿ ನಿಮ್ಮ ಶಾಣ್ಯಾಕಿ! ತನ್ನ ತಪ್ಪು ತಾನ ಹಿಡದಾಳ, ಶ್ರೇಣಿಗೆ ಇಷ್ಟ ಸಾಕ್ರಿ" ಎಂದರು. ಕುಣಿಯುವುದೊಂದು ಬಾಕಿ.

ಬಳೆಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರು.

"ಸರ, ಬಳಿ ಒಡೀತಾವ್ರಿ!" ಎಂದು ಕೂಗಿದೆ. ತಿರುಗಿ ನೋಡಲಿಲ್ಲ.

ಮರುದಿನ ಬಂದು ಅದೇ ಬಣ್ಣದ ಬಳೆ ಕೇಳಿದರು. ಈ ಸಲ ನಾನು ಖಾಲಿ ಕಾಗದದಲ್ಲಿ ಕಟ್ಟಿಕೊಟ್ಟೆ.