ಸೆರಗಿನ ಗಂಟಿನಲ್ಲಿದ್ದ ಪ್ರಸಾದ

ಹೆಬ್ಬಗೋಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್ ಗೌರಮ್ಮ ಒಂದು ಭಾನುವಾರ ನನ್ನ ಜೊತೆ ಚರ್ಚಿಗೆ ಬಂದರು. ಅವರ ಯಜಮಾನರು ಹದಿನೈದು ದಿನದಿಂದ ಜ್ವರದಲ್ಲಿ ಮಲಗಿದ್ದರು. ಯಾವ ದೇವರನ್ನೂ ಬಿಡುವ ಸ್ಥಿತಿಯಲ್ಲಿ ಗೌರಮ್ಮ ಇರಲಿಲ್ಲ. ಪೂಜೆಯಲ್ಲಿ ಫಾದರ್ ಕೊಡುವ ರೊಟ್ಟಿಯ ಚೂರಿಗೆ, ಪರಮಪ್ರಸಾದಕ್ಕೆ, ಜನ ಸಾಲು ನಿಂತಾಗ ತಾವೂ ಎದ್ದು ಹೋದರು. ಬೆಂಚಿನಲ್ಲೇ ಕೂತಿದ್ದ ನನಗೆ ಅವರನ್ನು ತಡೆಯಲಾಗಲಿಲ್ಲ.

ಹೊರಗೆ ಬಂದು ನೋಡಿದರೆ, ಕೊಟ್ಟಿದ್ದನ್ನು ತಿನ್ನದೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದಾರೆ.

"ಅದನ್ನ ಮನೆಗೆ ಒಯ್ಯೋ ಹಾಗಿಲ್ಲ ಗೌರಮ್ಮ. ನಮಗೆ ಅದು ಬರೀ ಪ್ರಸಾದ ಅಲ್ಲ, ದೇವರೇ."

"ದೇವ್ರೇ ಅಂದ್ಮೇಲೆ ಕಾಯಿಲೆ ಮನುಷ್ಯನ ಮನೇಗೆ ಬರಾಕೆ ಏನಡ್ಡಿ? ನೀನೇ ಯೇಳವ್ವ."

ಹತ್ತಾರು ದೇಶದ ಚರ್ಚುಗಳಲ್ಲಿ ಪ್ರವಾಸಿಯಾಗಿ ಕತ್ತೆತ್ತಿ ಚಿತ್ರ ನೋಡಿಬಂದವಳು ನಾನು. ಈ ಪ್ರಶ್ನೆ ಫಾದರ್‌ಗೇ ಸರಿ ಅಂತ ಅವರನ್ನು ಒಳಗೆ ಕರೆದುಕೊಂಡು ಹೋದೆ.

ಫಾದರ್ ಎಲ್ಲ ಕೇಳಿ ಎರಡೂ ಕೈ ಚಾಚಿದರು. ಗೌರಮ್ಮ ಒಲ್ಲದ ಮನಸ್ಸಿನಿಂದ ಗಂಟು ಬಿಚ್ಚಿದರು. ಫಾದರ್ ಅದನ್ನು ಕಣ್ಮುಚ್ಚಿ ತಾವೇ ಸೇವಿಸಿದರು.

"ದೇವರಿಗೆ ಅಡ್ಡಿ ಇಲ್ಲ ತಾಯಿ. ಇದನ್ನ ತಗೊಳ್ಳೋರು ಮೊದಲು ಈ ನಂಬಿಕೆಗೆ ಬಂದಿರಬೇಕು, ಅಷ್ಟೆ. ಪ್ರಾರ್ಥನೆಗೆ ಆ ನಿಯಮ ಇಲ್ಲ. ಸಂಜೆ ನಾನೇ ಮನೆಗೆ ಬರ್ತೀನಿ."

"ಬಂದ್ರೆ ಕಾಪಿ ಕುಡ್ದೇ ಓಗ್ಬೇಕು," ಅಂದರು ಗೌರಮ್ಮ. ಮುಖ ಸಡಿಲವಾಗಿತ್ತು. ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಈವಮ್ಮ ನಿಮ್ಮೋಳೇ ಅಲ್ವಾ ಸ್ವಾಮಿ? ಮತ್ಯಾಕೆ ಸಾಲಲ್ಲಿ ನಿಲ್ಲಲಿಲ್ಲ?"

ಫಾದರ್ ನನ್ನ ಕಡೆ ತಿರುಗಿದರು. ಫಾದರ್ ಮುಂದೆ ತಪ್ಪುಗಳನ್ನು ಒಪ್ಪಿಕೊಂಡು ಪಾಪನಿವೇದನೆ ಮಾಡಿ ವರ್ಷಗಳಾದವರು ಆ ಸಾಲಿಗೆ ಹೋಗುವ ಹಾಗಿಲ್ಲ. ನಾನು ಕೊನೆಯದಾಗಿ ಮಾಡಿದ್ದು ಯಾವ ದೇಶದಲ್ಲಿ ಅನ್ನುವುದೇ ನೆನಪಿರಲಿಲ್ಲ. ಸಂಜೆಯ ಕಾಫಿಗೆ ಹಾಲು ತರಬೇಕು ಅಂತ ಹೇಳಿ ಹೊರಟುಬಿಟ್ಟೆ.