ಏಬೆಲ್ ಪಾಸ್ಕೋನ ಇಪ್ಪತ್ತನಾಲ್ಕು ಮತಗಳು

ಏಬೆಲ್ ಪಾಸ್ಕೋನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಕಾರ್ಮಿಕ ಪಕ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮೊದಲ ಸಲ ಸರ್ಕಾರ ಕಟ್ಟಿದ ಆ ದಿನಗಳಲ್ಲಿ, ಪಕ್ಷದ ಮೂವತ್ತಮೂರು ಶಾಸಕರಲ್ಲಿ ಇನ್ನೊಬ್ಬರ ಬಗ್ಗೆ ಈ ಮಾತು ಹೇಳುವಂತಿರಲಿಲ್ಲ.

ಅವನು ಇಪ್ಪತ್ತೊಂದು ವರ್ಷ ಚಿನ್ನದ ಗಣಿಗಳ ಕಡೆಯ ರೈಲುಹಳಿಯ ಗ್ಯಾಂಗಿನಲ್ಲಿ ದುಡಿದವನು. ಹಳಿಯಡಿ ಹಾಸುವ ಮರದ ಸ್ಲೀಪರು ಹೊತ್ತು ಹೊತ್ತು ಅವನ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು. ಹಳಿಯ ಪಕ್ಕದ ಟೆಂಟಿನಲ್ಲೇ ಸಂಸಾರ ಮಾಡಿದ. ಅಲ್ಲಿಯೇ, ಕೆಟ್ಟ ನೀರು ಕುಡಿದು ಬಂದ ಜ್ವರಕ್ಕೆ, ಹೆಂಡತಿ ತಾಮ್ಸಿನ್‌ಳನ್ನು ಕಳೆದುಕೊಂಡ. ಗೋಧಿ ಬೆಳೆಯುವವರ ಒಂದು ಕ್ಷೇತ್ರದಲ್ಲಿ ಹೇಗೂ ಸೋಲುತ್ತೇವೆಂದು ಪಕ್ಷದವರು ಅವನ ಹೆಸರು ಕೊಟ್ಟರು. ಅವನು ನಲವತ್ತೊಂದು ಮತಗಳಿಂದ ಗೆದ್ದುಬಿಟ್ಟ.

ಮಂತ್ರಿಗಳನ್ನು ಆರಿಸುವ ಅಧಿಕಾರ ಆ ಪಕ್ಷದಲ್ಲಿ ಮುಖ್ಯಮಂತ್ರಿಗೆ ಇರಲಿಲ್ಲ. ಶಾಸಕರೆಲ್ಲ ಬಾಗಿಲು ಹಾಕಿಕೊಂಡು ಕೂತು, ತಲಾ ಒಂದು ಚೀಟಿಯಲ್ಲಿ ಆರು ಹೆಸರು ಬರೆದು ಟೋಪಿಗೆ ಹಾಕಬೇಕು. ಐದು ಬರೆದರೂ ಚೀಟಿ ಅಸಿಂಧು, ಏಳು ಬರೆದರೂ ಅಸಿಂಧು. ಹೆಚ್ಚು ಮತ ಬಿದ್ದ ಆರು ಜನ ಮಂತ್ರಿಗಳು. ಯಾರಿಗೆ ಯಾವ ಖಾತೆ ಎಂದು ಹೇಳುವುದಷ್ಟೇ ಮುಖ್ಯಮಂತ್ರಿಯ ಕೆಲಸ.

ಮೊದಲ ಸಲ ಏಬೆಲ್‌ಗೆ ಒಂದು ಮತವೂ ಬೀಳಲಿಲ್ಲ. ಅವನಿಗೆ ಬೇಸರವೂ ಆಗಲಿಲ್ಲ. ಅದೇ ಗ್ಯಾಂಗಿನಲ್ಲಿ ಅವನ ಜೊತೆ ದುಡಿದಿದ್ದ ಡಂಕನ್ ಟುಲಾಕ್ ಆರಿಸಿ ಬಂದು ರೈಲ್ವೆ ಮಂತ್ರಿಯಾದ. ಮಂತ್ರಿಯಾದ ಮೇಲೂ ಟುಲಾಕ್ ಬಾಡಿಗೆಮನೆ ಬದಲಿಸಲಿಲ್ಲ. ಬ್ಯುಲಾ ಸ್ಟ್ರೀಟರ್ ಎಂಬ ವಿಧವೆ ಶಾಸಕರಿಗೆಂದು ನಡೆಸುತ್ತಿದ್ದ ಊಟ-ವಸತಿಯ ಮನೆಯ ಮಹಡಿಯಲ್ಲಿ ಅವನಿಗೂ ಏಬೆಲ್‌ಗೂ ಒಂದೇ ಕೋಣೆ.

"ಗ್ಯಾಂಗಿನೋರಿಗೆ ತಗಡಿನ ಮನೆ, ನೀರಿನ ತೊಟ್ಟಿ ಮಾಡಿಸ್ತೀಯಲ್ಲ?" ಎಂದು ಏಬೆಲ್ ಆಗಾಗ ಕೇಳುತ್ತಿದ್ದ.

"ಮಾಡಿಸ್ತೀನಿ ಮುದುಕಾ. ಖುರ್ಚಿ ಬಿಸಿಯಾಗೋಕಾದ್ರೂ ಬಿಡು" ಎನ್ನುತ್ತಿದ್ದ ಟುಲಾಕ್.

ಹತ್ತು ತಿಂಗಳಾಯಿತು. ಹಣಕಾಸಿನ ಮಂತ್ರಿ ಮುಖ್ಯಮಂತ್ರಿಯೊಡನೆ ಜಗಳವಾಡಿ ರಾಜೀನಾಮೆ ಕೊಟ್ಟ. ಒಂದು ಸ್ಥಾನ ತುಂಬಿದರೆ ಸಾಕಿತ್ತು. ಆದರೆ ಉಳಿದವರ ಮೇಲೂ ಗೊಣಗಾಟವಿತ್ತು. ಉಳಿದ ಐವರೂ ಕೆಳಗಿಳಿದು, ಬರುವ ಮಂಗಳವಾರ ಆರೂ ಸ್ಥಾನಕ್ಕೆ ಹೊಸದಾಗಿ ಚೀಟಿ ಹಾಕಬೇಕೆಂದು ತೀರ್ಮಾನವಾಯಿತು.

ಆ ಒಂದು ವಾರ ಮನೆಯ ಗಾಳಿಯೇ ಕೆಟ್ಟಿತು. ಮೆಟ್ಟಿಲ ಮೇಲೆ ಪಿಸುಗುಟ್ಟುತ್ತಿದ್ದ ಇಬ್ಬರು ಮೂರನೆಯವನ ಹೆಜ್ಜೆ ಕೇಳಿದರೆ ಕೆಮ್ಮುತ್ತ ಬೇರೆಯಾಗುತ್ತಿದ್ದರು. ಇವರಿಗೇ ಮತ ಹಾಕಿ ಎಂದು ಯಾರೋ ಯಾರಿಗೋ ಆರು ಹೆಸರಿನ ಪಟ್ಟಿ ಹಂಚುತ್ತಿದ್ದಾರೆಂಬ ಗುಲ್ಲು. ಅಂಥ ಪಟ್ಟಿಯನ್ನು ಪಕ್ಷ ನಿಷೇಧಿಸಿತ್ತು. ಆದರೂ ಪ್ರತಿಯೊಬ್ಬನಿಗೂ ಎದುರಿನವನ ಜೇಬಿನಲ್ಲಿ ಅದು ಇದ್ದೇ ಇದೆ ಎನಿಸುತ್ತಿತ್ತು.

"ಏನ್ರೀ ಇದು, ಊಟಕ್ಕೆ ಕೂತ್ರೂ ಬೆನ್ನು ಗೋಡೆಗೆ ಕೊಟ್ಕೊಂಡೇ ಕೂರ್ತೀರಿ! ನಾನೇನು ಸಾರಿಗೆ ವಿಷ ಹಾಕಿದೀನಾ?" ಎಂದು ಬ್ಯುಲಾ ರೇಗಿದಳು.

ಮಂಗಳವಾರ ಬೆಳಿಗ್ಗೆ ಚೀಟಿ ಬಿದ್ದವು. ಎಣಿಕೆ ಮಾಡುತ್ತಿದ್ದವನು ಒಂದೇ ಹೆಸರನ್ನು ಮತ್ತೆ ಮತ್ತೆ ಓದುತ್ತ ಹೋದ. ಎಂಟನೆಯ ಸಲ ಯಾರೋ ಕಿಸಕ್ಕೆಂದರು. ಹದಿನೈದನೆಯ ಸಲಕ್ಕೆ ಉಳಿದವರೂ ಬೆರಳು ಮಡಚಿ ಎಣಿಸತೊಡಗಿದರು. ಏಬೆಲ್ ಪಾಸ್ಕೋಗೆ ಇಪ್ಪತ್ತನಾಲ್ಕು ಮತ. ಎಲ್ಲರಿಗಿಂತ ಹೆಚ್ಚು. ಆರನೆಯವನಾಗಿ ಬಂದವನು ಗಣಿಯ ಕಡೆಯ ಮಿಕ್ ಗೆರಾಟಿ, ಹದಿನೇಳು ಮತ. ಹದಿನಾರು ಪಡೆದ ಡಂಕನ್ ಟುಲಾಕ್ ಹೊರಗೆ.

ಮುಖ್ಯಮಂತ್ರಿ ಗಡ್ಡ ಕೆರೆದುಕೊಂಡು, "ಪಾಸ್ಕೋಗೆ ರೈಲು ಬಿಟ್ರೆ ಬೇರೇನು ಗೊತ್ತು? ರೈಲ್ವೆನೇ ಇರ್ಲಿ. ಶುಕ್ರವಾರ ಪ್ರಮಾಣವಚನ" ಎಂದ.

ಕೋಣೆಗೆ ಬಂದ ಟುಲಾಕ್ ಕೋಟು ಬಿಚ್ಚದೆ ನಿಂತೇ ಇದ್ದ.

"ಎಷ್ಟು ದಿನದಿಂದ ನಡೆಸಿದ್ದೆ ಇದನ್ನ?"

"ಯಾವುದನ್ನ?"

"ಪಾಪದವನ ಥರ ಮೂಲೇಲಿ ಕೂತ್ಕೊಂಡು, ಇಪ್ಪತ್ನಾಲ್ಕು ಜನರನ್ನ ಹೆಣೆದೆಯಲ್ಲೋ! ನನ್ನ ಖುರ್ಚಿನೇ ಬೇಕಿತ್ತಾ ನಿಂಗೆ?"

"ಡಂಕನ್, ನನ್ನ ಚೀಟೀಲಿ ಮೊದಲ ಹೆಸರು ನಿಂದೇ ಕಣೋ."

"ಅದನ್ನ ಯಾರು ನೋಡಿದ್ರು?"

ಗುಪ್ತ ಮತದಾನದಲ್ಲಿ ಅದನ್ನು ಯಾರೂ ನೋಡುವಂತಿಲ್ಲ.

ಈಗ ಅವನಿಗೂ ಅನುಮಾನ ಶುರುವಾಯಿತು. ಯಾರೋ ತನ್ನನ್ನು ಗೊಂಬೆಯಾಗಿ ಕೂರಿಸಿ ಆಡಿಸಹೊರಟಿದ್ದಾರೆ. ಯಾರು? ಮರುದಿನ ಬೆಳಿಗ್ಗೆ ಅವನು ನೇರವಾಗಿ ಗೆರಾಟಿಯ ಬಳಿ ಹೋದ. ಗೆರಾಟಿ ಜಗಲಿಯಲ್ಲಿ ಗಡ್ಡ ಹೆರೆಯುತ್ತಿದ್ದ.

"ಮಿಕ್, ನಂಗೆ ಯಾಕೆ ಮತ ಹಾಕ್ದೆ?"

ಗೆರಾಟಿ ಕತ್ತಿ ಕೆಳಗಿಟ್ಟು ಸುತ್ತ ನೋಡಿದ. "ನಾನು ಹಾಕ್ದೆ ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ಈಗ ನೀನೇ ಹೇಳ್ದಂಗಾಯ್ತು."

"ಹಾಳಾಗ್ಲಿ, ಕೇಳು. ಐದು ಹೆಸರು ಬರೆದಿದ್ದೆ. ಆರನೇದು ಬರೀಲೇಬೇಕಲ್ಲ. ಟುಲಾಕ್‌ಗೆ ಕೊಟ್ರೆ ನನಗೇ ಏಟು. ಗೆಲ್ಲದೇ ಇರೋನು ಯಾರಪ್ಪಾ ಅಂತ ಯೋಚಿಸ್ದೆ. ನಿನ್ನ ಹೆಸರು ಬರೆದೆ. ಬೇಜಾರ್ ಮಾಡ್ಕೋಬೇಡ ಯಜಮಾನಾ."

ಮರದ ಕಾರ್ಖಾನೆಯಿಂದ ಬಂದಿದ್ದ ಶಾಸಕ ಹಾಲ್ವರ್ಸನ್ ಕೂಡ ಅದನ್ನೇ ಹೇಳಿದ. ಮೂರನೆಯವನೂ ಅದನ್ನೇ ಹೇಳಿದ. ನಾಲ್ಕನೆಯವನು ಮಾತ್ರ "ನಿನ್ನ ಯೋಗ್ಯತೆ ನೋಡಿ" ಎಂದ. ಅವನು ಸುಳ್ಳು ಹೇಳಿದನೆಂದು ಏಬೆಲ್‌ಗೆ ಮುಖ ನೋಡಿದ ಕೂಡಲೇ ಗೊತ್ತಾಯಿತು. ಪಟ್ಟಿಯೂ ಇರಲಿಲ್ಲ, ಸಂಚೂ ಇರಲಿಲ್ಲ. ಪ್ರತಿಯೊಬ್ಬನೂ ಪಕ್ಕದವನಿಗೆ ಹೆದರಿ ಒಂದು ಮತವನ್ನು ಹಾಳುಬಾವಿಗೆ ಎಸೆದಿದ್ದ. ಎಲ್ಲರೂ ಎಸೆದದ್ದು ಒಂದೇ ಬಾವಿಗೆ.

ಗುರುವಾರ ಬೆಳಿಗ್ಗೆ ಅವನು ಟುಲಾಕ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿದ. ಟುಲಾಕ್ ಬೂಟಿನ ದಾರ ಕಟ್ಟುತ್ತಿದ್ದವನು ತಲೆಯೆತ್ತಲಿಲ್ಲ. ಕಟ್ಟಿದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ.

"ಡಂಕನ್, ನೀನೂನಾ?"

"ಗೆರಾಟಿಗೆ ಕೊಡೋಕಾಗ್ತಿರ್ಲಿಲ್ಲ" ಎಂದ ಟುಲಾಕ್, ಮೆಲ್ಲಗೆ. "ನೀನು ಬರ್ತೀಯ ಅಂತ ಯಾವನಿಗೆ ಗೊತ್ತಿತ್ತು?"

"ನನ್ನನ್ನೇ ಕಳ್ಳ ಅಂದ್ಯಲ್ಲೋ, ಎರಡು ದಿನ!"

"ತಪ್ಪಾಯ್ತು. ಈಗ ಆಯ್ತಲ್ಲ? ನಿಂಗೆ ಯಾರೂ ಮನಸಾರೆ ಹಾಕಿಲ್ಲ. ಒಂದು ಕಾಗದ ಬರ್ದು ಕೊಡು, ಆಗೋದಿಲ್ಲ ಅಂತ. ಏಳನೇ ಸ್ಥಾನ ನಂದು. ನಾನು ಒಳಗೆ ಬರ್ತೀನಿ. ಎಲ್ಲ ಮೊದಲಿನ ಥರಾನೇ ಇರುತ್ತೆ."

ಏಬೆಲ್ ಕಿಟಕಿಯ ಬಳಿ ಹೋಗಿ ನಿಂತ. ಟುಲಾಕ್ ಹೇಳಿದ್ದು ಸರಿಯಾಗಿತ್ತು. ಹೆಂಡತಿ ಹೋದ ಮೇಲೆ ಅವನಿಗೆ ಇದ್ದ ಸಂಬಂಧವೆಂದರೆ ಇವನೊಬ್ಬನೇ. ಒಂದು ಸಾಲು ಬರೆದರೆ ಆ ಸ್ನೇಹ ಉಳಿಯುತ್ತಿತ್ತು.

"ಗ್ಯಾಂಗಿನ ಮನೆಗಳ ಕಡತ ಎಲ್ಲಿದೆ ಡಂಕನ್?"

"ಈಗ ಯಾಕೆ ಅದು?"

"ಎಲ್ಲಿದೆ ಹೇಳು."

"ಎಲ್ಲೋ ಇರುತ್ತೆ. ಗುಮಾಸ್ತರ ಹತ್ರ. ನಂಗೆ ನೂರೆಂಟು ತಲೆನೋವಿತ್ತು ಮಾರಾಯಾ."

"ಹಾಗಾದ್ರೆ ನಾನು ಬರೆದುಕೊಡಲ್ಲ" ಎಂದ ಏಬೆಲ್. "ಬೇಡದ ಮನಸ್ಸಿಂದ ಹಾಕಿದ್ರೂ ಮತ ಮತಾನೇ."

ಟುಲಾಕ್ ಆ ಮಧ್ಯಾಹ್ನವೇ ಹಾಸಿಗೆ ಸುತ್ತಿಕೊಂಡು ಬೇರೆ ಮನೆಗೆ ಹೋದ. ಹೋಗುವಾಗ ಬ್ಯುಲಾಗೆ ವಂದಿಸಿದ, ಏಬೆಲ್‌ಗೆ ವಂದಿಸಲಿಲ್ಲ.

ಹದಿನಾಲ್ಕು ತಿಂಗಳು ಏಬೆಲ್ ಮಂತ್ರಿಯಾಗಿದ್ದ. ಸದನದಲ್ಲಿ ತಡವರಿಸುತ್ತಿದ್ದ, ವಿರೋಧ ಪಕ್ಷದವರು ಅವನ ಮಾತನ್ನು ಅಣಕಿಸಿ ನಗುತ್ತಿದ್ದರು. ದೊಡ್ಡ ಕೆಲಸವೇನೂ ಅವನಿಂದ ಆಗಲಿಲ್ಲ. ಗಣಿಗಳ ಕಡೆಯ ಹಳಿಯುದ್ದಕ್ಕೂ ಅರವತ್ತು ತಗಡಿನ ಮನೆ, ಪ್ರತಿ ಮನೆಗೊಂದು ಮುಚ್ಚಳವಿರುವ ನೀರಿನ ತೊಟ್ಟಿ ಆದವು, ಅಷ್ಟೇ. ತೊಟ್ಟಿಗೆ ಮುಚ್ಚಳವಿರಲೇಬೇಕೆಂದು ಅವನು ಹಟ ಹಿಡಿದದ್ದು ಯಾಕೆಂದು ಇಲಾಖೆಯವರಿಗೆ ಗೊತ್ತಿರಲಿಲ್ಲ.

ಮತ್ತೆ ಮಂತ್ರಿಮಂಡಲದ ಪುನರ್ರಚನೆ ಬಂತು. ಈ ಸಲ ಎಲ್ಲರೂ ಎಚ್ಚರವಾಗಿದ್ದರು. ಹಾಳು ಮತಗಳನ್ನು ಹತ್ತು ಕಡೆ ಚೆಲ್ಲಿದರು, ಏಬೆಲ್‌ನ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಅವನು ಬರೆದ ಆರು ಹೆಸರುಗಳಲ್ಲಿ ಮೊದಲನೆಯದು ಮತ್ತೆ ಟುಲಾಕ್‌ನದೇ. ಟುಲಾಕ್ ಆರಿಸಿ ಬಂದ. ಏಬೆಲ್‌ಗೆ ಬಿದ್ದದ್ದು ನಾಲ್ಕು ಮತ.

ಈ ನಾಲ್ಕನ್ನು ಬರೆದವರು ಬೇಕೆಂದೇ ಬರೆದಿದ್ದಾರೆ ಎಂದುಕೊಂಡ ಏಬೆಲ್. ಹೊರಗೆ ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬರ ಮುಖ ನೋಡಿದ. ಹಾಲ್ವರ್ಸನ್ ಇರಬಹುದು. ಗಣಿಯ ಕಡೆಯ ಇಬ್ಬರು ಇರಬಹುದು. ನಾಲ್ಕನೆಯವನು ಯಾರೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಟುಲಾಕ್ ಇಳಿದು ಬಂದ. ಒಂದು ಗಳಿಗೆ ನಿಂತ, ಏಬೆಲ್‌ನತ್ತ ನೋಡಿ, ತಲೆಯಲ್ಲಾಡಿಸಿ ಮುಂದೆ ಹೋದ.

ನಾಲ್ಕನೆಯವನು ನೀನಾ ಎಂದು ಕೂಗಿ ಕೇಳಿಬಿಡೋಣವೆಂದು ಏಬೆಲ್ ಎರಡು ಹೆಜ್ಜೆ ಇಟ್ಟ. ಕೇಳಿದರೆ ಅವನು ಹೌದೆಂದೇ ಅಂದಾನು. ಹೌದೆಂದರೂ, ಆ ಚೀಟಿ ನೋಡಿದವರು ಯಾರು, ನಂಬುವುದು ಹೇಗೆ ಎನಿಸಿ ಅಲ್ಲಿಯೇ ನಿಂತುಬಿಟ್ಟ.